ಲಿಂಕ್ ಬೇಕಂದ್ರ ಮೊದ್ಲು ಪರಿಚಯ ಬೇಕ್ರೀ

ಶರಣ್ರೀ ಎಲ್ಲಾರಿಗೂ. ಈ ಸಲ ಬಂದ ಪತ್ರದಾಗ ಮೂರು ಒಂದೇ ಮಾತಿನ ಸುತ್ತ ಅವ, ನಮ್ಮ ಬ್ಲಾಗಿಗಿ ಬ್ಯಾರೆಯವ್ರ ಸೈಟಿನಿಂದ ಲಿಂಕ್ ಹೆಂಗ ತರೋದು ಅಂತ. ಮೊದಲ್ನೇದಕ್ಕ ಉತ್ತರ ಜರಾ ಉದ್ದ ಆಗ್ಯದ, ಪೂರಾ ಓದ್ರಿ, ಉಳಿದೆರಡೂ ಅದರ ಮ್ಯಾಲೇ ನಿಂತಾವ.

ಪ್ರಶ್ನೆ: ನಾನು ಬೀದರಿನಾಕಿ, ಇತಿಹಾಸದಾಗ ಎಂ.ಎ. ಮಾಡೀನಿ. ನಮ್ಮೂರಿನ ಬಗ್ಗೆ ಬ್ಲಾಗ್ ಬರೀಲತ್ತೀನಿ, ನೌಬಾದಿನ ಸುರಂಗ ಬಾವಿ, ಅಷ್ಟೂರಿನ ಗುಂಬಜ್, ಗವಾನ್ ಮದರಸಾ, ಬಿದ್ರಿ ಕೆಲಸ ಹಿಂಗ. ಓದಿದವ್ರು ಚಲೋ ಅದ ಅಂತಾರ, ಆದ್ರ ಗೂಗಲ್‌ನಾಗ ಹುಡುಕಿದ್ರ ನನ್ನ ಪೇಜ್ ಎಲ್ಲೋ ತಳದಾಗ ಇರ್ತದ. ಬ್ಯಾರೆ ಸೈಟಿನಿಂದ ಲಿಂಕ್ ಬಂದ್ರ ಮ್ಯಾಲ ಬರ್ತದ ಅಂತ ಕೇಳಿ, ಭಾಳ ಮಂದಿ ಬ್ಲಾಗರ್‌ಗಳಿಗಿ ‘ನೀವು ನನ್ನ ಲಿಂಕ್ ಹಾಕ್ರಿ, ನಾ ನಿಮ್ದು ಹಾಕ್ತೀನಿ’ ಅಂತ ಮೆಸೇಜ್ ಕಳ್ಸಿದೆ, ಒಬ್ರೂ ಉತ್ತರ ಕೊಟ್ಟಿಲ್ಲ. ಈಗ ಒಬ್ಬಾಂವ ರೊಕ್ಕ ಕೊಟ್ರ ನೂರಾರು ಲಿಂಕ್ ಮಾಡಿಸಿಕೊಡ್ತೀನಿ ಅಂತ ಗಂಟು ಬಿದ್ದಾನ. ಕೊಡ್ಲೇನ್ರಿ?

ಉತ್ತರ: ತಂಗಿ, ಒಂದು ರೂಪಾಯಿನೂ ಕೊಡಬ್ಯಾಡ್ರಿ. ಯಾಕಂತ ಹೇಳ್ತೀನಿ, ನೀವು ಇತಿಹಾಸ ಓದಿದವ್ರು, ನಿಮಗ ಲಗೂನ ತಿಳೀತದ. ಗೂಗಲ್ ಕಟ್ಟಿದ ಲ್ಯಾರಿ ಪೇಜ್ ಮತ್ತ ಸೆರ್ಗೆ ಬ್ರಿನ್ ಇಬ್ರೂ ಸ್ಟ್ಯಾನ್‌ಫರ್ಡ್‌ನಾಗ ಓದೋ ಮುಂದ ಪೇಜ್‌ರ‍್ಯಾಂಕ್ ಅಂತ ಒಂದು ಲೆಕ್ಕ ಕಟ್ಟಿದ್ರು, 1998ರಾಗ ಅದರ ಬಗ್ಗೆ ಬರೆದ್ರು, ಅದರ ಮೂಲ ವಿಚಾರ ಎಲ್ಲಿಂದ ಬಂತಂದ್ರ ಸಂಶೋಧನಾ ಪ್ರಬಂಧದ ಅಡಿಟಿಪ್ಪಣಿಯಿಂದ. ಬಹಮನಿಯರ ಮ್ಯಾಲ ಯಾರೇ ಬರೀಲಿ, ಎಲ್ಲಾರ ಅಡಿಟಿಪ್ಪಣಿಯಾಗೂ ಒಂದೇ ಪುಸ್ತಕ ಬರ್ಲತ್ತದಂದ್ರ ಆ ಪುಸ್ತಕಕ್ಕ ತೂಕ ಅದ ಅಂತ ನೀವು ತಿಳ್ಕೋತೀರಿಲ್ಲ, ಅದರಾಗೂ ತೂಕದ ಲೇಖಕರು ಉಲ್ಲೇಖ ಮಾಡಿದ್ರ ಇನ್ನೂ ಹೆಚ್ಚು ನಂಬ್ತೀರಿ, ಲಿಂಕಿನ ಲೆಕ್ಕನೂ ಅದೇ. ಗೂಗಲ್ ಈಗ ಇನ್ನೂ ಎಷ್ಟೋ ವಿಷಯ ನೋಡ್ತದ, ಆದ್ರ ಈ ಪಾಯಾ ಇನ್ನೂ ಉಳಿದದ.

ಯಾವಾಗ ಲಿಂಕಿಗಿ ಬೆಲೆ ಬಂತೋ ಆವಾಗ ಮಾರೋರೂ ಬಂದ್ರು. ಅದಕ್ಕ 2012ರ ಏಪ್ರಿಲ್‌ನಾಗ ಗೂಗಲ್ ಪೆಂಗ್ವಿನ್ ಅನ್ನೋ ಬದಲಾವಣೆ ತಂತು, ಕೊಂಡ ಲಿಂಕಿನ ಮ್ಯಾಲ ನಿಂತಿದ್ದ ಸೈಟು ರಾತ್ರೋರಾತ್ರಿ ಕೆಳಗ ಬಿದ್ವು. 2016ರಿಂದ ಅಂಥ ಲಿಂಕನ್ನ ಹೆಚ್ಚಾಗಿ ಎಣಿಸೋದೇ ಇಲ್ಲ, ಅಂದ್ರ ನೀವು ಕೊಟ್ಟ ರೊಕ್ಕ ನೀರಾಗ ಹಾಕಿದಂಗ, ಮತ್ತ ಕೆಲವು ಸಲ ಮನುಷ್ಯರೇ ಕುಂತು ನೋಡಿ ಸೈಟಿಗಿ ಶಿಕ್ಷೆ ಹಾಕೋದೂ ಅದ. ‘ನೀ ನಂದು ಹಾಕು, ನಾ ನಿಂದು ಹಾಕ್ತೀನಿ’ ಅನ್ನೋ ಅದಲಾಬದಲಿ ಅತಿ ಮಾಡಿದ್ರ ಅದೂ ಗೂಗಲ್ ನಿಯಮಕ್ಕ ವಿರುದ್ಧನೇ. ಹಂಗಂತ ಅಂಜಬ್ಯಾಡ್ರಿ, ಇಬ್ರು ಒಂದೇ ವಿಷಯದ ಮ್ಯಾಲ ಬರೀತಾ ಒಬ್ರದ್ದೊಬ್ರು ಓದಿ ಲಿಂಕ್ ಕೊಟ್ಟಿದ್ದಕ್ಕ ಯಾರೂ ಏನೂ ಅನ್ನಂಗಿಲ್ಲ.

ಈಗ ನಿಮ್ಮ ಮೆಸೇಜಿಗಿ ಬರೋಣ. ಅದ್ರಾಗ ಎದುರಿನವ್ರು ಏನು ಬರೆದಾರ ಅನ್ನೋದರ ಸುದ್ದಿನೇ ಇಲ್ಲ, ಊಟದ ಬ್ಲಾಗಿನವ್ರಿಗೂ ಅದೇ ಕಳಿಸಬಹುದು, ಕ್ರಿಕೆಟ್ ಬ್ಲಾಗಿನವ್ರಿಗೂ ಅದೇ. ಅಂಥ ಮೆಸೇಜ್ ಅವ್ರಿಗಿ ಬರ್ತಾನೇ ಇರ್ತಾವ, ಓದದೇ ಡಿಲೀಟ್ ಮಾಡ್ತಾರ. ಬರೆಯೋ ಮನುಷ್ಯಾಗ ಏನು ಬೇಕು ಹೇಳ್ರಿ, ತಾ ಬರೆದದ್ದನ್ನ ಯಾರರ ಮನಸ್ಸಿಟ್ಟು ಓದ್ಯಾರ ಅಂತ ಗೊತ್ತಾಗಬೇಕು, ಅಲ್ಲಿಂದ ಮಾತು ಶುರು ಆಗ್ತದ.

ಮೊದ್ಲು ನಿಮ್ಮ ಮಂದಿ ಯಾರು ಅಂತ ಹುಡುಕ್ರಿ. ಬರೇ ಬೀದರ್ ಬಗ್ಗೆ ಬರೆಯೋರು ಅಂದ್ರ ಕೈಬೆರಳಿನಷ್ಟು ಸಿಗ್ತಾರ, ಹಂಗಾಗಿ ಪಕ್ಕದ ವಿಷಯಕ್ಕ ಕೈ ಚಾಚ್ರಿ. ಸುರಂಗ ಬಾವಿ ಅಂದ್ರ ಅದು ಇರಾನ್ ಕಡೆಯಿಂದ ಬಂದ ತಂತ್ರ, ನೆಲದೊಳಗ ಕಾಲುವೆ ತೋಡಿ ಇಳಿಜಾರಿನ ಮ್ಯಾಲೇ ನೀರು ಹರಿಸೋದು, ನಡುನಡುವ ಮ್ಯಾಲಿಂದ ಇಳಿಯೋ ಬಾವಿಗಳು. ಹಂಗಂದ್ರ ನೀರಿನ ಬಗ್ಗೆ, ಕೆರೆ ಉಳಿಸೋದರ ಬಗ್ಗೆ ಬರೆಯೋರೆಲ್ಲಾ ನಿಮ್ಮವ್ರೇ, ಅವ್ರು ಬೆಂಗಳೂರಾಗಿರ್ಲಿ ರಾಜಸ್ಥಾನದಾಗಿರ್ಲಿ. ಬಿದ್ರಿ ಅಂದ್ರ ಕರಕುಶಲದ ಬ್ಲಾಗಿನವ್ರು. ಹೈದರಾಬಾದಿನಾಗ ಹಳೇ ಕಟ್ಟಡ ನೋಡ್ಕೋತ ತಿರುಗೋ ಗುಂಪುಗಳವ, ಅವ್ರಿಗಿ ಬೀದರ್ ಅಂದ್ರ ಬೆಳಿಗ್ಗೆ ಹೊಂಟು ರಾತ್ರಿ ಮನಿ ಸೇರೋ ದೂರ, ಬೈಕಿನವ್ರಂತೂ ಬರ್ತಾನೇ ಇರ್ತಾರ. ಗುರುನಾನಕ್ ಝೀರಾಕ್ಕ ಬರೋ ಯಾತ್ರಿಕರು ಪಂಜಾಬಿ, ಹಿಂದಿ, ಇಂಗ್ಲಿಷ್‌ನಾಗ ಪ್ರವಾಸದ ಅನುಭವ ಬರೀತಾರ. ನಿಮ್ಮ ಭಾಷೆ ಕನ್ನಡ ಇದ್ರೇನಾತು, ಊರಿನ ಬಗ್ಗೆ ಊರಿನವ್ರೇ ಬರೆದದ್ದು ಅಂದ್ರ ಅವ್ರೂ ಲಿಂಕ್ ಕೊಡ್ತಾರ, ಮ್ಯಾಲ ನಾಕು ಸಾಲು ಇಂಗ್ಲಿಷ್‌ನಾಗ ಸಾರ ಬರೆದಿಟ್ರ ಸಾಕು.

ಹುಡುಕೋ ಮುಂದ ಎರಡೂ ಹೆಸರಿನಿಂದ ಹುಡುಕ್ರಿ. ನಮ್ಮ ಗುಲಬರ್ಗಾ ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕ, ಅದಕ್ಕಿಂತ ಮೊದ್ಲು ಬರೆದವ್ರ ಪೇಜೆಲ್ಲಾ ಹಳೇ ಹೆಸರಿನಾಗೇ ಅವ. ಬೀದರ್, ಬೀದರ, ಬಿದರೆ ಅಂತ ಬ್ಯಾರೆ ಬ್ಯಾರೆ ಬರೀತಾರ, ಶೋರಾಪುರ ಸುರಪುರ ಎರಡೂ ನೋಡ್ರಿ. ಇನ್ನೊಂದು, ಹಳೇ ಕನ್ನಡ ಸೈಟ್ ಎಷ್ಟೋ ಯೂನಿಕೋಡ್ (ಈಗ ಎಲ್ಲಾ ಕಡೆ ನಡೆಯೋ ಅಕ್ಷರದ ಸಂಕೇತ) ಬರೋಕಿಂತ ಮೊದಲಿನ ಫಾಂಟಿನಾಗ ಅವ, ಅವು ಕನ್ನಡದಾಗ ಹುಡುಕಿದ್ರ ಸಿಗಂಗಿಲ್ಲ, ಇಂಗ್ಲಿಷ್ ಅಕ್ಷರದಾಗ ಊರಿನ ಹೆಸರು ಹಾಕಿ ನೋಡ್ರಿ.

ಸಿಕ್ಕ ಮ್ಯಾಲ ಏನೂ ಕೇಳಬ್ಯಾಡ್ರಿ, ಮೊದ್ಲು ನೀವು ಕೊಡ್ರಿ. ಅಷ್ಟೂರಿನ ಅಹ್ಮದ್ ಶಾಹನ ಗುಂಬಜಿನ ಒಳಗಿನ ಚಿತ್ತಾರದ ಬಗ್ಗೆ ಯಾರರ ನಿಮಗಿಂತ ಚಲೋ ಬರೆದಿದ್ರ ನಿಮ್ಮ ಲೇಖನದಾಗ ಅವ್ರ ಲಿಂಕ್ ಹಾಕಿ, ಇದನ್ನ ಓದ್ರಿ ಅಂತ ಬರೀರಿ. ನಮ್ಮ ಕಡೆ ಬ್ಲಾಗಿನವ್ರು ಒಬ್ರಿಗೊಬ್ರು ಲಿಂಕ್ ಕೊಡೋದು ಭಾಳ ಕಡಿಮಿ, ಕೊಟ್ರ ಓದುಗ ಹೋಗಿಬಿಡ್ತಾನ ಅನ್ನೋ ಅಂಜಿಕೆ, ನನಗ ಇದು ಖರೇ ಬ್ಯಾಸರ ತರಿಸ್ತದ. ಓದುಗ ಹೋದ್ರೂ ಯಾರು ದಾರಿ ತೋರ್ಸಿದ್ರೋ ಅವ್ರ ಹತ್ರ ತಿರುಗಿ ಬರ್ತಾನ, ಮತ್ತ ಆ ಲೇಖಕರಿಗೂ ತಮ್ಮ ಸೈಟಿಗಿ ಯಾರು ಲಿಂಕ್ ಕೊಟ್ಟಾರ ಅಂತ ಗೂಗಲ್ ತೋರಿಸೋ ಸರ್ಚ್ ಕನ್ಸೋಲ್‌ನಾಗ ನಿಮ್ಮ ಸೈಟಿನ ಹೆಸರು ಕಾಣ್ತದ.

ಆಮ್ಯಾಲ ಅವ್ರ ಬರಹಕ್ಕ ಕಾಮೆಂಟ್ ಹಾಕ್ರಿ, ಆದ್ರ ‘ಸೂಪರ್ ಸರ್, ನನ್ನ ಬ್ಲಾಗೂ ನೋಡ್ರಿ’ ಅಂತಲ್ಲ. ಯಾರೋ ಬಿದ್ರಿ ಪಾತ್ರೆ ಕಬ್ಬಿಣದ್ದು ಅಂತ ಬರೆದಿರ್ತಾರ ಅನ್ಕೋರಿ. ಅದು ಸತುವು ತಾಮ್ರದ ಮಿಶ್ರಣ, ಸತುವೇ ಹೆಚ್ಚು, ಅದರಾಗ ಬೆಳ್ಳಿ ಕೂಡ್ಸಿ ಕಡೀಕ ಕೋಟೆಯ ಹಳೇ ಮಣ್ಣಿನ ಜೊತೆ ನವಸಾಗರ ಬೆರೆಸಿದ ಬಿಸಿನೀರಿನಾಗ ಹಾಕಿದ್ರ ಲೋಹ ಕಪ್ಪಾಗ್ತದ, ಬೆಳ್ಳಿ ಹಂಗೇ ಹೊಳೀತದ ಅಂತ ಸೌಮ್ಯ ಮಾತಿನಾಗ ತಿಳಿಸ್ರಿ, ಫೋಟೊ ಬೇಕಾದ್ರ ಕಳಿಸ್ತೀನಿ ಅನ್ರಿ. ಕಾಮೆಂಟಿನ ಲಿಂಕಿಗಿ ಗೂಗಲ್‌ನಾಗ ತೂಕ ಇಲ್ಲ ಅಂದ್ರೂ ನಡೀತದ, 2005ರಿಂದಲೇ ಅಂಥವಕ್ಕ ನೋಫಾಲೋ, ಅಂದ್ರ ಈ ಲಿಂಕ್ ಎಣಿಸಬ್ಯಾಡ, ಅಂತ ಗುರುತು ಹಾಕ್ತಾರ. ಕಾಮೆಂಟ್ ಹಾಕೋದು ಪರಿಚಯಕ್ಕ.

ಪರಿಚಯ ಆದ ಮ್ಯಾಲ ಬರೆಯೋ ಮೇಲ್ ಹಿಂಗಿರ್ಲಿ: ‘ನಮಸ್ಕಾರ ಸರ್, ಹಳೇ ನೀರಿನ ವ್ಯವಸ್ಥೆ ಬಗ್ಗೆ ನೀವು ಬರೆದ ಲೇಖನ ಓದಿದೆ, ಬಿಜಾಪುರದ ನೀರಿನ ಗೋಪುರಗಳ ಭಾಗ ಭಾಳ ಹಿಡಿಸ್ತು. ನಾನು ಬೀದರಿನಾಕಿ, ನೌಬಾದಿನ ಸುರಂಗ ಬಾವಿ ಇಳಿಯೋ ಬಾವಿಗಳನ್ನ ಒಂದೊಂದಾಗಿ ನೋಡಿ ಫೋಟೊ, ಜಾಗ, ಈಗಿನ ಸ್ಥಿತಿ ಬರೆದಿಟ್ಟೀನಿ. ನಿಮ್ಮ ಲೇಖನದಾಗ ಬೀದರಿನ ಭಾಗಕ್ಕ ಉಪಯೋಗ ಆಗಬಹುದು ಅನ್ನಿಸ್ತು. ತಪ್ಪಿದ್ರ ತಿಳಿಸ್ರಿ, ತಿದ್ಕೋತೀನಿ.’ ಅಷ್ಟೇ. ಲಿಂಕ್ ಅನ್ನೋ ಮಾತೇ ಅದ್ರಾಗ ಇಲ್ಲ, ನೋಡ್ರಿ. ಅವ್ರಿಗಿ ಬೇಕಾದ ಸಾಮಾನು ಅವ್ರ ಮುಂದ ಇಟ್ಟೀರಿ, ಲಿಂಕ್ ಕೊಡೋದು ಅವ್ರಿಗಿ ಬಿಟ್ಟದ್ದು.

ಆದ್ರ ಆ ಸಾಮಾನು ಇರಬೇಕಲ್ಲ, ಅದೇ ದೊಡ್ಡ ಕೆಲಸ. ಗವಾನ್ ಮದರಸಾ 1472ರಾಗ ಕಟ್ಟಿದ್ದು ಅಂತ ಬರೆದ್ರ ಅದು ಎಲ್ಲಾ ಕಡೆ ಅದ, ನಿಮಗ್ಯಾಕ ಲಿಂಕ್ ಕೊಡಬೇಕು? ಅದೇ ಮದರಸಾದ ಗ್ವಾಡಿಗಿ ಹಚ್ಚಿದ ಬಣ್ಣದ ಹೆಂಚು ಯಾವ ಯಾವ ಮೂಲ್ಯಾಗ ಇನ್ನೂ ಉಳಿದಾವ ಅಂತ ಒಂದೊಂದು ಫೋಟೊ ತಗದು, ತಾರೀಖು ಹಾಕಿ ಇಟ್ರ, ಬೆಂಗಳೂರಿನಾಗ ಕುಂತು ಬರೆಯೋನಿಗಿ ಅದು ಎಲ್ಲಿ ಸಿಗಬೇಕು? ಊರಾಗ ಇರೋ ನಿಮಗ ಇದೊಂದು ಶಕ್ತಿ ಅದ, ದಯವಿಟ್ಟು ಇದನ್ನ ಬಿಡಬ್ಯಾಡ್ರಿ.

ಸತ್ತ ಲಿಂಕ್ ಹುಡುಕೋದೂ ಒಂದು ಚಲೋ ದಾರಿ. ಹಳೇ ಪ್ರವಾಸದ ಲೇಖನದಾಗ ಬೀದರಿನ ಬಗ್ಗೆ ಹೆಚ್ಚಿನ ಮಾಹಿತಿಗೆ ಇಲ್ಲಿ ನೋಡಿ ಅಂತ ಇರ್ತದ, ಒತ್ತಿದ್ರ ಪೇಜೇ ಇರಂಗಿಲ್ಲ. ಹಳೇ ಪೇಜಿನ ನಕಲು ಕೂಡಿಟ್ಟಿರೋ ವೇಬ್ಯಾಕ್ ಮಷೀನ್‌ನಾಗ ಆ ವಿಳಾಸ ಹಾಕಿ ಅಲ್ಲಿ ಮೊದ್ಲು ಏನಿತ್ತು ನೋಡ್ರಿ, ಅದೇ ವಿಷಯ ನಿಮ್ಮ ಹತ್ರ ಇದ್ರ ಅವ್ರಿಗಿ ತಿಳಿಸ್ರಿ, ಅವ್ರ ಪೇಜೂ ಸರಿ ಆಗ್ತದ.

ಸಣ್ಣ ಮಾತೊಂದು, ಪೋಸ್ಟಿನ ವಿಳಾಸ ಇಂಗ್ಲಿಷ್ ಅಕ್ಷರದಾಗ ಗಿಡ್ಡಕ ಇಡ್ರಿ. ಕನ್ನಡದಾಗ ಇಟ್ರ ಕಾಪಿ ಮಾಡಿ ಹಾಕೋ ಮುಂದ ಶೇಕಡಾ ಚಿಹ್ನೆ, ಅಂಕಿ, ಅಕ್ಷರ ಕಲೆತು ಮೂರು ನಾಕು ಸಾಲಿನ ಹಾವಿನಂಗ ಆಗ್ತದ, ನೋಡಿದವ್ರು ವೈರಸ್ ಇರಬೇಕು ಅಂತ ಒತ್ತಂಗೇ ಇಲ್ಲ. ಮತ್ತ ವಾಟ್ಸಾಪ್ ಗ್ರೂಪಿನಾಗ ಹಾಕಿದ ಲಿಂಕು ಗೂಗಲ್‌ಗಿ ಕಾಣಂಗಿಲ್ಲ, ಅದರಿಂದ ಓದುಗರು ಬರ್ತಾರ ಅಷ್ಟೇ, ಆದ್ರ ಆ ಓದುಗರಾಗ ಯಾರೋ ಒಬ್ರು ಬ್ಲಾಗ್ ಬರೆಯೋರು ಇರ್ತಾರ.

ಪ್ರಶ್ನೆ: ಕಲಬುರಗಿಯಿಂದ ಬರೀಲತ್ತೀನಿ. ನಂದು ಅಡಿಗಿ ಬ್ಲಾಗ್. ಒಂದು ಕಂಪನಿಯವ್ರು ಸಾಲದ ಆ್ಯಪ್ ಬಗ್ಗೆ ತಾವೇ ಲೇಖನ ಬರೆದು ಕೊಡ್ತಾರಂತ, ನಾ ಹಾಕಿದ್ರ ರೊಕ್ಕ ಕೊಡ್ತಾರಂತ. ಗೆಸ್ಟ್ ಪೋಸ್ಟ್ ಅಂತಾರ. ತಗೋಬಹುದೇನ್ರಿ ಅಕ್ಕೋರ?

ಉತ್ತರ: ಬ್ಯಾಡವ್ವ. ಎಣ್ಣೆಗಾಯಿ, ಶೇಂಗಾ ಹಿಂಡಿ ಓದ್ಲಿಕ್ಕ ಬಂದ ಹೆಣ್ಮಕ್ಕಳಿಗಿ ಸಾಲದ ಆ್ಯಪ್ ತೋರಿಸಿದ್ರ ಅವ್ರು ನಿಮ್ಮನ್ನ ನಂಬೋದು ಬಿಡ್ತಾರ, ಮತ್ತ ಆ ಸಾಲ ತಗೊಂಡು ಯಾರರ ತ್ರಾಸಿನಾಗ ಬಿದ್ರ ನಿಮ್ಮ ಮನಸ್ಸಿಗಿ ಸಮಾಧಾನ ಇರ್ತದೇನು? ರೊಕ್ಕ ತಗೊಂಡು ಹಾಕೋ ಯಾವ ಲಿಂಕಿಗಾದ್ರೂ ಸ್ಪಾನ್ಸರ್ಡ್ ಅನ್ನೋ ಗುರುತು ಹಾಕಬೇಕು ಅಂತ ಗೂಗಲ್ ಹೇಳ್ತದ, ಆ ಗುರುತು 2019ರಾಗ ಬಂತು, ಅದನ್ನ ಹಾಕ್ತೀನಿ ಅಂತ ಹೇಳಿ ನೋಡ್ರಿ, ಕಂಪನಿಯವ್ರೇ ಹಿಂದ ಸರೀತಾರ.

ಗೆಸ್ಟ್ ಪೋಸ್ಟ್ ಅಂದ್ರ ಕೆಟ್ಟದ್ದಲ್ಲ ಮತ್ತ. ಬರೇ ಲಿಂಕಿನ ಆಸೆಗಿ ಮಾಡೋದು ಬಿಡ್ರಿ ಅಂತ ಗೂಗಲ್‌ನ ಮ್ಯಾಟ್ ಕಟ್ಸ್ 2014ರಾಗೇ ಬರೆದಿದ್ರು, ಓದುಗರಿಗಾಗಿ ಬರೆಯೋದಕ್ಕ ಅಡ್ಡಿ ಇಲ್ಲ. ಕರಾವಳಿ ಕಡೆ ಅಡಿಗಿ ಬರೆಯೋರ ಜೊತೆ ಮಾತಾಡ್ರಿ. ನಮ್ಮ ಕಲಬುರಗಿ ತೊಗರಿಗಿ ಜಿಐ ಗುರುತು, ಅಂದ್ರ ಈ ನೆಲದ್ದೇ ಬೆಳೆ ಅನ್ನೋ ಸರಕಾರಿ ಗುರುತು, ಸಿಕ್ಕದ, ಆ ಬ್ಯಾಳಿ ಹೆಂಗ ಕುದೀತದ, ರುಚಿ ಯಾಕ ಬ್ಯಾರೆ ಅಂತ ನೀವು ಅವ್ರಲ್ಲಿ ಬರೀರಿ, ಅವ್ರು ಕುಚ್ಚಲಕ್ಕಿ ಬಗ್ಗೆ ನಿಮ್ಮಲ್ಲಿ ಬರೀಲಿ. ಜೋಳದ ರೊಟ್ಟಿ ಬಡಿಯೋ ಮುಂದ ಹಿಟ್ಟು ಬಿರಿಯದಂಗ ಕುದಿ ನೀರು ಎಷ್ಟು ಹಾಕಬೇಕು ಅಂತ ತಿಳೀದೇ ಆ ಕಡೆ ಎಷ್ಟೋ ಮಂದಿ ಒದ್ದಾಡ್ತಾರ, ಅದೊಂದೇ ವಿಷಯ ಫೋಟೊ ಸಮೇತ ಬರೆದ್ರ ಅವ್ರಾಗೇ ಲಿಂಕ್ ಕೊಡ್ತಾರ.

ಪ್ರಶ್ನೆ: ಯಾದಗಿರಿ ಜಿಲ್ಲೆಯಿಂದ. ಬೋನಾಳ ಕೆರೆ ಹಕ್ಕಿಗಳ ಫೋಟೊ ನನ್ನ ಬ್ಲಾಗಿನಾಗ ಹಾಕ್ತೀನಿ. ಬ್ಯಾರೆ ಸೈಟಿನವ್ರು ಹೇಳದೇ ಕೇಳದೇ ಎತ್ಕೊಂಡು ಹಾಕ್ಕೋತಾರ, ನನ್ನ ಹೆಸರೂ ಇಲ್ಲ, ಲಿಂಕೂ ಇಲ್ಲ. ಜಗಳಾ ಮಾಡ್ಲೇನು?

ಉತ್ತರ: ನಿಮ್ಮ ಸಿಟ್ಟು ಬರೋಬ್ಬರಿ ಅದ ತಮ್ಮ, ನಸುಕಿನಾಗ ಎದ್ದು ಕೆರೆ ದಂಡಿಗಿ ಕಾದು ಕುಂತವ್ರಿಗೇ ಆ ಕಷ್ಟ ಗೊತ್ತು. ಆದ್ರ ಜಗಳದಿಂದ ಫೋಟೊ ತೆಗೀತಾರ ಹೊರತು ಲಿಂಕ್ ಬರಂಗಿಲ್ಲ. ಗೂಗಲ್ ಲೆನ್ಸ್‌ನಾಗ ನಿಮ್ಮ ಫೋಟೊ ಹಾಕಿ ಎಲ್ಲೆಲ್ಲಿ ಅದ ನೋಡ್ರಿ, ಒಂದೊಂದು ಸೈಟಿಗೂ ‘ಈ ಫೋಟೊ ನಂದು, ಇರ್ಲಿ ಬಿಡ್ರಿ, ಕೆಳಗ ನನ್ನ ಹೆಸರು ಹಾಕಿ ಈ ಪೇಜಿಗಿ ಲಿಂಕ್ ಕೊಡ್ರಿ’ ಅಂತ ಮರ್ಯಾದಿಲೆ ಬರೀರಿ. ಹುಡುಗ್ರು ತಿಳೀದೇ ಹಾಕಿರ್ತಾರ, ಕೇಳಿದ್ರ ಹಾಕ್ತಾರ, ಅವ್ರಾಗ ಹಕ್ಕಿ ಹುಚ್ಚಿನವ್ರು ಯಾರರ ಇದ್ರ ಬರೋ ಚಳಿಗಾಲಕ್ಕ ಕೆರೆಗಿ ಕರೀರಿ. ಕೇಳಿದ್ರೂ ಕೊಡದವ್ರಿಗಿ ಗೂಗಲ್‌ನಾಗೇ ಕಾಪಿರೈಟ್ ದೂರು ಕೊಡೋ ಫಾರ್ಮ್ ಅದ, ಅದು ಕಡೀ ದಾರಿ.

ಇನ್ನು ಮುಂದ ಕೆಲವು ಚಲೋ ಫೋಟೊ ಯಾರು ಬೇಕಾದ್ರೂ ಬಳಸೋ ಫೋಟೊ ಕೂಡಿಡೋ ವಿಕಿಮೀಡಿಯ ಕಾಮನ್ಸ್‌ಗಿ ಹಾಕ್ರಿ. ಅಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಆರಿಸೋ ಮುಂದ ಹೆಸರು ಹಾಕಲೇಬೇಕು ಅನ್ನೋದನ್ನ ಆರಿಸ್ರಿ, ನಿಮ್ಮ ಪುಟದಾಗ ಬ್ಲಾಗಿನ ವಿಳಾಸ ಕೊಡ್ರಿ. ಕನ್ನಡ ವಿಕಿಪೀಡಿಯದಾಗ ಮಾತ್ರ ನಿಮ್ಮ ಬ್ಲಾಗಿನ ಲಿಂಕ್ ನೀವೇ ಹಾಕಬ್ಯಾಡ್ರಿ, ಅಲ್ಲಿನ ಹೊರಗಿನ ಲಿಂಕೆಲ್ಲಾ ನೋಫಾಲೋನೇ, ಮತ್ತ ಅಲ್ಲಿನವ್ರು ತೆಗೆದುಹಾಕ್ತಾರ. ಬ್ಲಾಗಿನಾಗ ಪ್ರತಿ ಫೋಟೊದ ಕೆಳಗ ಒಂದೇ ಸಾಲು ಇರ್ಲಿ: ಹಕ್ಕಿ ಹೆಸರು, ಬೋನಾಳ, ತಾರೀಖು, ಬಳಸೋರು ಈ ಪೇಜಿಗಿ ಲಿಂಕ್ ಕೊಡ್ರಿ.