ಅಜ್ಜನ ತಂಬೂರಿಯ ತಬಲಿ ಬಿರುಕು ಬಿಟ್ಟಿದೆ, ಕಿಟ್ಟ ತುಂಬಿಸಬಹುದೇ?

ನೀವು ಕೇಳಿದ್ದು ಇಷ್ಟು: ಕೊಪ್ಪಳದ ಮನೆಯಲ್ಲಿ ಅಜ್ಜನ ಕಾಲದ ಮಿರಜ್ ತಂಬೂರಿ ಇದೆ, ಈ ಬೇಸಿಗೆಯಲ್ಲಿ ಅದರ ತಬಲಿ, ಅಂದರೆ ಬುರುಡೆಯ (ಕೆಳಗಿನ ಸೋರೆ ಕೊಡದ) ಬಾಯಿಗೆ ಮುಚ್ಚಿದ ಹಲಗೆ, ಉದ್ದಕ್ಕೆ ಸೀಳಿದೆ. ಓಣಿಯ ಬಡಗಿ ಫೆವಿಕಾಲ್ ಹಾಕಿ ಎರಡು ಸ್ಕ್ರೂ ಬಿಗಿಯುತ್ತೇನೆ ಅಂತಾರೆ. ನಿಮ್ಮ ಮಾವ ಕಿನ್ನಾಳಕ್ಕೆ ಒಯ್ದು ಗೊಂಬೆ ಮಾಡುವವರ ಕಿಟ್ಟ ತುಂಬಿಸು ಅಂತಾರೆ. ಯಾವುದು ಸರಿ?

ಎರಡೂ ಬೇಡ್ರಿ. ನಾನು ರಾಯಚೂರಿನಲ್ಲಿ ತಂಬೂರಿ, ಪಿಟೀಲುಗಳ ಸಣ್ಣಪುಟ್ಟ ರಿಪೇರಿ ಮಾಡುವವ. ಹಿಂದೂಸ್ತಾನಿ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಜಿಲ್ಲೆ ಇದು, ಹಾಡುವ ಮನೆಗಳಲ್ಲಿ ಹಳೇ ತಂಬೂರಿಗಳಿಗೆ ಕೊರತೆ ಇಲ್ಲ. ಬಿಸಿಲಿಗೂ ಇಲ್ಲ.

ಕಿನ್ನಾಳದ ಚಿತ್ರಗಾರರ ಕೈಕೆಲಸದ ಬಗ್ಗೆ ಎರಡು ಮಾತಿಲ್ಲ. ಕಟ್ಟಿಗೆ ಹೊಟ್ಟು, ಹುಣಸೆ ಅಂಟು ಕಲಸಿದ ಆ ಕಿಟ್ಟ ಗೊಂಬೆಯ ಮೈಗೆ ಹೇಳಿ ಮಾಡಿಸಿದ್ದು. ಆದರೆ ಗೊಂಬೆ ನುಡಿಯಬೇಕಾಗಿಲ್ಲ. ತಬಲಿ ತೆಳು ಹಲಗೆ, ನಾಲ್ಕು ತಂತಿಗಳ ಕಂಪನವೆಲ್ಲ ಕುದುರೆಯ (ತಂತಿಗಳು ಕೂರುವ ತುಂಡಿನ) ಮೂಲಕ ಇಳಿಯುವುದು ಅದಕ್ಕೇ.

ಬಿರುಕು ಬಿಟ್ಟದ್ದು ಯಾಕೆ ಅಂತ ತಿಳಿದರೆ ತುಂಬಬಾರದು ಯಾಕೆ ಅನ್ನುವುದೂ ತಿಳಿಯುತ್ತದೆ. ಮರ ಒಣಗಿದಾಗ ಉದ್ದದಲ್ಲಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ, ಅಗಲದಲ್ಲಿ ಕುಗ್ಗುತ್ತದೆ. ನಮ್ಮ ಕಡೆ ಏಪ್ರಿಲ್-ಮೇನಲ್ಲಿ 40 ಡಿಗ್ರಿ ದಾಟಿದ ಒಣಗಾಳಿ. ತಬಲಿ ಕುಗ್ಗಬೇಕು ಅನ್ನುತ್ತದೆ, ಅಂಚೆಲ್ಲ ಬುರುಡೆಗೆ ಅಂಟಿಕೊಂಡಿರುವುದರಿಂದ ಆಗುವುದಿಲ್ಲ, ಎಳೆಗುಂಟ ಸೀಳುತ್ತದೆ. ಅಂದರೆ ಅಲ್ಲಿ ಕಟ್ಟಿಗೆ ಕಳೆದುಹೋಗಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಟ್ಟ ಸಂದಿಗೆ ಕಿಟ್ಟ ಗಿಡಿದರೆ ಮಳೆಗಾಲಕ್ಕೆ ಮರ ಉಬ್ಬಿ ಅದಕ್ಕೇ ಗುದ್ದುತ್ತದೆ, ಪಕ್ಕದಲ್ಲಿ ಹೊಸ ಬಿರುಕು ಏಳುತ್ತದೆ. ಮೊದಲು ಬಿರುಕು ತಾನಾಗಿ ಕೂಡಿಕೊಳ್ಳಬೇಕು, ಅಂಟಿನ ಮಾತು ಆಮೇಲೆ.

ಇವತ್ತೇ ತಂತಿಗಳನ್ನು ಸಡಿಲಿಸಿ. ಅದಕ್ಕೂ ಮೊದಲು ಕುದುರೆ ಎಲ್ಲಿ ಕೂತಿದೆ ಅಂತ ಅಳೆದು ಬರೆದಿಟ್ಟುಕೊಳ್ಳಿ; ಗುರುತಿಗೆ ಸೆಲೋಟೇಪ್ ಹಚ್ಚಬೇಡಿ, ಹಳೇ ಅರಗಿನ ಪಾಲಿಶ್ ಅದರ ಜೊತೆಗೇ ಎದ್ದು ಬರುತ್ತದೆ. ಆಮೇಲೆ ತಂಬೂರಿಗೆ ಹತ್ತಿ ಬಟ್ಟೆ ಸಡಿಲಾಗಿ ಹೊದಿಸಿ, ಬಿಸಿಲು ಬೀಳದ ಸಣ್ಣ ಕೋಣೆಯಲ್ಲಿ ಅಗಲ ಪಾತ್ರೆಯಲ್ಲಿ ನೀರು ಇಟ್ಟು ಬಾಗಿಲು ಹಾಕಿ. ಒದ್ದೆ ಬಟ್ಟೆ ಮರಕ್ಕೆ ತಾಗಬಾರದು. ತೇವಾಂಶ ತೋರಿಸುವ ಸಣ್ಣ ಮೀಟರ್ ಸಿಗುತ್ತದೆ, 45ರಿಂದ 55 ಪ್ರತಿಶತ ಇದ್ದರೆ ಸಾಕು. ಕೂಲರ್ ಮುಂದೆ ಮಾತ್ರ ಇಡಬೇಡಿ: ಹಚ್ಚಿದಾಗ ತೊಯ್ಯುತ್ತದೆ, ಕರೆಂಟ್ ಹೋದಾಗ ಒಣಗುತ್ತದೆ, ಮರಕ್ಕೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಒಂದೆರಡು ವಾರ ಬಿಟ್ಟು ಉಗುರನ್ನು ಬಿರುಕಿಗೆ ಅಡ್ಡ ಎಳೆದು ನೋಡಿ. ಎರಡೂ ಅಂಚು ಸಮ ಇದ್ದು ಸಂದಿ ಕೂದಲೆಳೆಯಷ್ಟಾಗಿದ್ದರೆ ಕೆಲಸ ಅರ್ಧ ಮುಗಿದಂತೆ.

ಅಂಟು ಸರೇಸೇ ಆಗಬೇಕು, ಚರ್ಮ-ಮೂಳೆ ಕುದಿಸಿ ತೆಗೆಯುವ ಹಳೇ ಅಂಟು. ಹರಳನ್ನು ತಣ್ಣೀರಲ್ಲಿ ನೆನೆಹಾಕಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಬಟ್ಟಲಿಟ್ಟು 60 ಡಿಗ್ರಿ ಆಸುಪಾಸಿನಲ್ಲಿ ಕರಗಿಸಬೇಕು. ಕುದ್ದರೆ ಹಿಡಿತ ಹೋಯಿತು. ತೆಳುವಾಗಿ ಬಿರುಕಿನ ಮೇಲೆ ಬಿಟ್ಟು, ಹೆಬ್ಬೆರಳಿಂದ ಒಂದು ಅಂಚನ್ನು ಮೆಲ್ಲಗೆ ಒತ್ತಿ ಬಿಡಿ, ಒತ್ತಿ ಬಿಡಿ. ಸಂದಿ ಅಂಟನ್ನು ಒಳಗೆಳೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ಹೆಚ್ಚಾದದ್ದನ್ನು ಉಗುರುಬೆಚ್ಚಗಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ತಕ್ಷಣ ಒರೆಸಿ. ಬಿಸಿನೀರು ಬಿದ್ದರೆ ಪಾಲಿಶ್ ಬೆಳ್ಳಗಾಗುತ್ತದೆ. ಬಟರ್ ಪೇಪರ್ ಇಟ್ಟು, ಮೇಲೆ ಹಳೇ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಒಂದು ದಿನ ಬಿಡಿ. ಗಟ್ಟಿಯಾಗಿ ಎಳೆಯಬೇಡಿ, ಬುರುಡೆ ಮರಕ್ಕಿಂತ ನಾಜೂಕು.

ಫೆವಿಕಾಲ್ ಮಂಚ-ಕುರ್ಚಿಗೆ ಒಳ್ಳೆಯದೇ. ಇಲ್ಲಿ ಅದರ ತೊಂದರೆ ಏನೆಂದರೆ, ಸದಾ ಎಳೆತ ಇರುವಲ್ಲಿ ನಿಧಾನಕ್ಕೆ ಜಾರುತ್ತದೆ, ಎಳೆಯೊಳಗೆ ಒಮ್ಮೆ ಹೊಕ್ಕರೆ ಮುಂದೆ ಸರೇಸು ಅಲ್ಲಿ ಹಿಡಿಯುವುದಿಲ್ಲ. ಸರೇಸನ್ನಾದರೆ ನಾಳೆ ಇನ್ನೊಬ್ಬರು ಬೆಚ್ಚಗಿನ ನೀರಿನಿಂದ ಬಿಡಿಸಬಹುದು. ಸ್ಕ್ರೂ ಅಂತೂ ಹೊಸ ಬಿರುಕಿಗೆ ದಾರಿ.

ಇಷ್ಟೆಲ್ಲ ಕೂದಲೆಳೆ ಬಿರುಕಿಗೆ. ತೇವ ಕೊಟ್ಟರೂ ಕೂಡದಿದ್ದರೆ, ಒಂದು ಅಂಚು ಮೇಲೆದ್ದಿದ್ದರೆ, ಇಲ್ಲವೇ ಬಿರುಕು ಕುದುರೆಯ ಕೆಳಗೇ ಹಾದಿದ್ದರೆ ಕೈ ಹಾಕಬೇಡಿ. ಪಿಟೀಲಿನ ಹಾಗೆ ಮೇಲ್ಹಲಗೆ ಬಿಚ್ಚಿ, ಒಳಗಿನಿಂದ ಬಿರುಕಿಗೆ ಅಡ್ಡಲಾಗಿ ಸಣ್ಣ ಚಕ್ಕೆಗಳನ್ನು ಅಂಟಿಸಬೇಕಾಗುತ್ತದೆ. ತಬಲಿಯನ್ನು ಬುರುಡೆಯಿಂದ ಬಿಡಿಸಿ ಮತ್ತೆ ಕೂಡಿಸುವುದು ಮಹಾರಾಷ್ಟ್ರದ ಮಿರಜಿನ ತಂಬೂರಿ ಮಾಡುವವರ ಕೈಗೇ ಸರಿ. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಟ್ಯಾಗ್ ಬಂತು, ಕಸುಬು ಮಾತ್ರ 19ನೇ ಶತಮಾನದ್ದು. ಕೊಪ್ಪಳದಿಂದ ಹುಬ್ಬಳ್ಳಿ, ಅಲ್ಲಿಂದ ಬೆಳಗಾವಿ ಮೇಲೆ ರೈಲಿದೆ. ತಂತಿ ಇಳಿಸಿ, ಬುರುಡೆಯ ಸುತ್ತ ರಜಾಯಿ ಸುತ್ತಿ ಕೈಯಲ್ಲೇ ಒಯ್ಯಿರಿ, ಪಾರ್ಸಲ್ ಹಾಕಬೇಡಿ. ಹೋದಾಗ ಮೈ ಹೊಸದಾಗಿ ಪಾಲಿಶ್ ಮಾಡಿಕೊಡಲೇ ಅಂತ ಕೇಳುತ್ತಾರೆ. ಅಜ್ಜನ ಕೈ ಸವೆಸಿದ ದಂಡಿ (ಮೇಲಿನ ಉದ್ದ ಕೋಲು) ಹಾಗೇ ಇರಲಿ ಅನ್ನುವುದು ನನ್ನ ಅಭಿಪ್ರಾಯ, ನಿಮ್ಮಿಷ್ಟ.

ಮನೆಯಲ್ಲೇ ಅಂಟಿಸಿದರೆ ತಂತಿಯನ್ನು ಒಮ್ಮೆಲೇ ಶ್ರುತಿಗೆ ಏರಿಸಬೇಡಿ. ಮೊದಲು ನಾಲ್ಕೈದು ಸ್ವರ ಕೆಳಗಿಟ್ಟು, ಕೆಲವು ದಿನಗಳಲ್ಲಿ ಮೆಲ್ಲಗೆ ಏರಿಸಿ. ಅಂಟು ಹಚ್ಚುವ ಮೊದಲೇ ಬಿರುಕಿನ ಪಕ್ಕ ಸ್ಕೇಲ್ ಇಟ್ಟು, ಕುದುರೆಯೂ ಕಾಣುವ ಹಾಗೆ ಒಂದು ಫೋಟೋ ಹಾಕ್ರಿ, ಮನೆಯಲ್ಲಿ ಆಗುವಂಥದ್ದೋ ಅಲ್ಲವೋ ನೋಡಿ ಹೇಳುತ್ತೇನೆ.