ಕೆಲವೇ ಸಾವಿರ ನಾರ್ಮನ್ನರು ಇಡೀ ಇಂಗ್ಲೆಂಡನ್ನು ಹೇಗೆ ಹಿಡಿತದಲ್ಲಿಟ್ಟುಕೊಂಡರು?

1066ರ ಅಕ್ಟೋಬರ್ 14ರ ಹೇಸ್ಟಿಂಗ್ಸ್ ಗೆಲುವಿನಲ್ಲಿ ಫ್ರಾನ್ಸಿನ ನಾರ್ಮಂಡಿಯ ಡ್ಯೂಕ್ ವಿಲಿಯಂನ ಅದೃಷ್ಟದ ಪಾಲೂ ಇತ್ತು. ಮೂರು ವಾರಗಳ ಹಿಂದಷ್ಟೇ ಉತ್ತರದ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್‌ನಲ್ಲಿ ನಾರ್ವೆಯ ದೊರೆಯನ್ನು ಸೋಲಿಸಿ, ದಣಿದ ಸೈನ್ಯದೊಡನೆ ದಕ್ಷಿಣಕ್ಕೆ ಧಾವಿಸಿದ್ದ ಇಂಗ್ಲೆಂಡಿನ ದೊರೆ ಹೆರಾಲ್ಡ್ ರಣರಂಗದಲ್ಲೇ ಮಡಿದನು. ಗೆದ್ದ ನಾಡನ್ನು ಉಳಿಸಿಕೊಳ್ಳುವುದು ಇನ್ನೂ ಕಠಿಣವಾಗಿತ್ತು.

ಮಣ್ಣಿನ ದಿಬ್ಬವೆಬ್ಬಿಸಿ, ಮೇಲೆ ಮರದ ಗೋಪುರ ನಿಲ್ಲಿಸಿ, ಸುತ್ತ ಕಂದಕ ತೋಡಿದ ಕೋಟೆಗಳು ಪಟ್ಟಣಗಳಲ್ಲಿ ಬೇಗಬೇಗನೆ ಎದ್ದವು. ಸಣ್ಣದೊಂದು ಪಡೆ ಅಲ್ಲಿ ಬೀಡುಬಿಟ್ಟು ಸುತ್ತಲಿನ ಸೀಮೆಯನ್ನೇ ಹದ್ದುಬಸ್ತಿನಲ್ಲಿಡಬಹುದಿತ್ತು. ಉತ್ತರದವರು ದಂಗೆಯೆದ್ದಾಗ, 1069-70ರ ಚಳಿಗಾಲದಲ್ಲಿ, ಧಾನ್ಯ, ದನಕರುಗಳನ್ನೂ ನಾಶಮಾಡಿ ಜನರನ್ನು ಕ್ಷಾಮಕ್ಕೆ ದೂಡಲಾಯಿತು.

ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು ಕತ್ತಿಗಿಂತ ಭೂಮಿ. ಎದುರಾಳಿಗಳ ಜಮೀನನ್ನು ಕಿತ್ತುಕೊಂಡು, ಸೇನಾಸೇವೆಯ ಷರತ್ತಿನ ಮೇಲೆ ತನ್ನವರಿಗೆ ಹಂಚಿದ್ದರಿಂದ, 1086ರಲ್ಲಿ ನಾಡಿನ ಜಮೀನುಗಳ ಲೆಕ್ಕ ಬರೆದ ಡೂಮ್ಸ್‌ಡೇ ದಾಖಲೆಯ ಹೊತ್ತಿಗೆ ದೊಡ್ಡ ಭೂಮಾಲೀಕರಲ್ಲಿ ಇಂಗ್ಲಿಷರು ಬೆರಳೆಣಿಕೆಯಷ್ಟೇ ಉಳಿದಿದ್ದರು. ಚರ್ಚಿನಲ್ಲೂ ಹಾಗೆಯೇ: 1070ರಲ್ಲಿ ಇಂಗ್ಲಿಷ್ ಆರ್ಚ್‌ಬಿಷಪ್ ಸ್ಟಿಗಂಡ್‌ನನ್ನು ಇಳಿಸಿ ನಾರ್ಮಂಡಿಯ ಮಠಾಧಿಪತಿ ಲ್ಯಾನ್‌ಫ್ರಾಂಕ್‌ನನ್ನು ಕೂರಿಸಲಾಯಿತು.

ಆದರೆ ಷೈರ್ (ಜಿಲ್ಲೆ) ನ್ಯಾಯಸಭೆ, ಅಲ್ಲಿನ ರಾಜಾಧಿಕಾರಿಯಾದ ಷೆರಿಫ್ ಹುದ್ದೆ, ಭೂತೆರಿಗೆ, ನಾಣ್ಯವ್ಯವಸ್ಥೆ ಇವುಗಳನ್ನು ವಿಲಿಯಂ ಕೆಡವಲಿಲ್ಲ. ನಾರ್ಮನ್ನರಿಗಿಂತ ಮೊದಲಿನ ಇಂಗ್ಲಿಷರಾದ ಆಂಗ್ಲೋ-ಸ್ಯಾಕ್ಸನ್ನರು ಕಟ್ಟಿದ್ದ ಆಡಳಿತ ಅಷ್ಟು ಗಟ್ಟಿಯಾಗಿತ್ತು. ಅದರೊಳಗೇ ತನ್ನವರ ರಕ್ಷಣೆಗಾಗಿ, ನಾರ್ಮನ್ನನೊಬ್ಬ ಕೊಲೆಯಾಗಿ ಕೊಲೆಗಾರನನ್ನು ಹಿಡಿದೊಪ್ಪಿಸದಿದ್ದರೆ ಆ ಪ್ರದೇಶದವರೆಲ್ಲ ಸೇರಿ ದಂಡ ತೆರಬೇಕೆಂಬ ನಿಯಮವನ್ನೂ ಸೇರಿಸಿದನು.