ಪ್ರಶ್ನೋತ್ತರ: ಕಾಲುದಾರಿಯ ಕಂಬದ ದೀಪಗಳು

ಪ್ರಶ್ನೆ: ಉದ್ಯಾನದ 96 ಮೀಟರ್ ಕಾಲುದಾರಿಗೆ 4 ಮೀಟರ್ ಎತ್ತರದ ಕಂಬಗಳನ್ನು 24 ಮೀಟರಿಗೊಂದರಂತೆ ಹಾಕಿಸಿದ್ದೇವೆ. ಕಂಬದ ಹತ್ತಿರ ಕಣ್ಣು ಕುಕ್ಕುವ ಬೆಳಕು, ನಡುವೆ ಕತ್ತಲು. 30 ವ್ಯಾಟ್ ಎಲ್‌ಇಡಿ ತೆಗೆದು 60 ವ್ಯಾಟ್ ಹಾಕಿದರೆ ಸರಿಹೋದೀತೆ?

ಉತ್ತರ: ಇಲ್ಲ, ಇನ್ನೂ ಕೆಡುತ್ತದೆ. ವ್ಯಾಟ್ ಏರಿಸಿದರೆ ಬುಡದ ಬೆಳಕೂ ನಡುವಿನ ಬೆಳಕೂ ಒಂದೇ ಪ್ರಮಾಣದಲ್ಲಿ ಏರುತ್ತವೆ. ಕಣ್ಣು ಪ್ರಖರ ಜಾಗಕ್ಕೆ ಹೊಂದಿಕೊಳ್ಳುವುದರಿಂದ ನಡುವಿನ ನೆಲ ಮೊದಲಿನಷ್ಟೇ ಕಪ್ಪಾಗಿ ಕಾಣುತ್ತದೆ, ಕಣ್ಣು ಕುಕ್ಕುವುದು ಮಾತ್ರ ಹೆಚ್ಚುತ್ತದೆ.

ತೊಂದರೆ ಇರುವುದು ಅಂತರದಲ್ಲಿ. ದೀಪ ಎಲ್ಲ ದಿಕ್ಕಿಗೂ ಸಮನಾಗಿ ಬೆಳಕು ಚೆಲ್ಲುತ್ತದೆ ಎಂದಿಟ್ಟುಕೊಳ್ಳಿ. ನಿಮ್ಮ ಕಂಬದಿಂದ 12 ಮೀಟರ್ ಆಚೆ, ಅಂದರೆ ನಟ್ಟನಡುವೆ, ನೆಲಕ್ಕೆ ಬೀಳುವುದು ಬುಡದ ಬೆಳಕಿನ 32ರಲ್ಲಿ ಒಂದು ಪಾಲು. ಎರಡೂ ಕಂಬಗಳದ್ದು ಸೇರಿದರೆ 16ರಲ್ಲಿ ಒಂದು. ಅಂತರವನ್ನು 16 ಮೀಟರಿಗೆ ಇಳಿಸಿದರೆ ಅದೇ ಲೆಕ್ಕ ಆರರಲ್ಲಿ ಒಂದು ಪಾಲನ್ನು ದಾಟುತ್ತದೆ. ಈ ಎತ್ತರಕ್ಕೆ ಎತ್ತರದ ನಾಲ್ಕು ಪಟ್ಟು ಅಂತರ ಹಿತಮಿತವಾದದ್ದು. ಈಗಿನ ಐದು ಕಂಬಕ್ಕೆ 60 ವ್ಯಾಟ್ ಹಾಕಿದರೆ ಒಟ್ಟು 300 ವ್ಯಾಟ್. 16 ಮೀಟರಿಗೊಂದರಂತೆ ಬರುವ ಏಳು ಕಂಬಕ್ಕೆ 30 ವ್ಯಾಟ್ ಹಾಕಿದರೆ 210. ಕಂಬದ ಖರ್ಚು ಒಮ್ಮೆ, ಕರೆಂಟಿನ ಖರ್ಚು ಪ್ರತಿ ರಾತ್ರಿ.

ದೀಪ ಕೊಳ್ಳುವಾಗ ವ್ಯಾಟಿಗಿಂತ ಮೊದಲು ಲೆನ್ಸ್ ಕೇಳಿ: ಬೆಳಕನ್ನು ದಾರಿಯುದ್ದಕ್ಕೆ ಎರಡೂ ಬದಿಗೆ ಹರಡುವಂಥದ್ದು ಬೇಕು. ದುಂಡಗಿನ ಬಿಳಿ ಗೋಳಗಳು ನೋಡಲು ಚಂದ, ಆದರೆ ಬೆಳಕಿನ ದೊಡ್ಡ ಪಾಲನ್ನು ಆಕಾಶಕ್ಕೂ ನಡೆಯುವವರ ಕಣ್ಣಿಗೂ ಎರಚುತ್ತವೆ. ಬೆಳಕಿನ ಬಣ್ಣ 3000 ಕೆಲ್ವಿನ್ ಅಥವಾ ಕಡಿಮೆ (ಹಳದಿ ಛಾಯೆಯದು), ಧೂಳು-ನೀರಿನ ರಕ್ಷಣೆ ಐಪಿ65ಕ್ಕೆ ಕಡಿಮೆ ಇಲ್ಲದಂತೆ ನೋಡಿಕೊಳ್ಳಿ.

ಪ್ರಶ್ನೆ: ಸಂಜೆ ಒಂದು ದೀಪ ಹತ್ತುತ್ತದೆ, ಆರುತ್ತದೆ, ಮತ್ತೆ ಹತ್ತುತ್ತದೆ. ಡ್ರೈವರ್ (ಎಲ್‌ಇಡಿಗೆ ತಕ್ಕ ಕರೆಂಟ್ ಒದಗಿಸುವ ಸಾಧನ) ಬದಲಿಸಿದರೂ ಹಾಗೆಯೇ ಇದೆ.

ಉತ್ತರ: ಕತ್ತಲಾದಾಗ ದೀಪ ಹತ್ತಿಸಿ ಬೆಳಗಾದಾಗ ಆರಿಸುವ ಫೋಟೋಸೆಲ್ ಮೇಲೆ ಅದೇ ದೀಪದ ಬೆಳಕು, ಇಲ್ಲವೇ ಎದುರಿನ ಗೋಡೆಗೋ ಎಲೆಗೋ ಬಡಿದ ಬೆಳಕು ಬೀಳುತ್ತಿರಬಹುದು. ಸೆಲ್ ಅದನ್ನು ಹಗಲೆಂದು ತಿಳಿದು ಆರಿಸುತ್ತದೆ. ಅದರ ಕಿಟಕಿಯನ್ನು ದೀಪಕ್ಕೆ ಬೆನ್ನಾಗಿ ತಿರುಗಿಸಿ, ಅಡ್ಡ ಬಂದ ಕೊಂಬೆ ಕಡಿಸಿ. ಹಾಗೇ ಬಿಟ್ಟರೆ ರಿಲೇಯ (ದೀಪವನ್ನು ಆನ್-ಆಫ್ ಮಾಡುವ ಸ್ವಿಚ್ಚಿನ) ಕಾಂಟ್ಯಾಕ್ಟ್ ಸುಟ್ಟುಹೋಗುತ್ತದೆ.

ಪ್ರಶ್ನೆ: ಕಂಬದ ಬುಡ ತುಕ್ಕು ಹಿಡಿದಿದೆ. ಬಣ್ಣ ಬಳಿದರೆ ಸಾಕೆ?

ಉತ್ತರ: ಹೊರಗೆ ಕಾಣುವ ತುಕ್ಕಿಗಿಂತ ಒಳಗಿನದು ಅಪಾಯ. ತೇವ ಕಂಬದೊಳಗೆ ಹನಿಗಟ್ಟಿ ಕೆಳಗಿಳಿಯುತ್ತದೆ. ಬೇಸ್ ಪ್ಲೇಟ್ (ಕಂಬದ ಬುಡದ ಲೋಹದ ತಟ್ಟೆ) ಅಡಿಯ ಗ್ರೌಟಿನಲ್ಲಿ, ಅಂದರೆ ಸಂದಿಗೆ ತುಂಬಿದ ಸಿಮೆಂಟ್ ಗಾರೆಯಲ್ಲಿ, ನೀರು ಹೋಗುವ ತೂತಿಲ್ಲದಿದ್ದರೆ ಅಲ್ಲೇ ನಿಂತು ಕಬ್ಬಿಣವನ್ನು ತಿನ್ನುತ್ತದೆ. ಬೇಸ್ ಪ್ಲೇಟ್ ಮುಚ್ಚುವಂತೆ ಮಣ್ಣು ಏರಿಸಿದ್ದರೂ, ನಾಯಿಗಳು ಅಲ್ಲೇ ಮೂತ್ರ ಮಾಡುತ್ತಿದ್ದರೂ ಹೀಗಾಗುತ್ತದೆ.

ಮೊದಲು ಲೈನ್ ಆಫ್ ಮಾಡಿ, ಟೆಸ್ಟರಿನಿಂದ ಖಾತ್ರಿಪಡಿಸಿಕೊಳ್ಳಿ. ಮಣ್ಣು ಸರಿಸಿ, ಬುಡದ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಲೋಹದ ಸದ್ದಿನ ನಡುವೆ ಎಲ್ಲಾದರೂ ಮಂಕಾದ ಸದ್ದು ಬಂದರೆ, ಸ್ಕ್ರೂಡ್ರೈವರ್ ಮೊನೆ ಒಳಗಿಳಿದರೆ ಆ ಕಂಬ ಇಳಿಸಲೇಬೇಕು. ಮೇಲೆ ತಗಡು ವೆಲ್ಡ್ ಮಾಡಿ ಮುಚ್ಚಬೇಡಿ, ಗಾಳಿಯ ಪೂರ್ತಿ ಭಾರ ಬೀಳುವುದು ಅಲ್ಲೇ. ತುಕ್ಕು ಮೇಲ್ಪದರದಲ್ಲೇ ಇದ್ದರೆ ತಂತಿ ಬ್ರಷ್‌ನಿಂದ ಹೊಳೆಯುವವರೆಗೆ ಉಜ್ಜಿ, ಸತು ತುಂಬಿದ ಪ್ರೈಮರ್, ಅದರ ಮೇಲೆ ಎರಡು ಕೋಟ್ ಪೇಂಟ್ ಹಚ್ಚಿ. ಗ್ರೌಟಿನಲ್ಲಿ ನೀರಿಗೆ ದಾರಿ ಬಿಡಿ. ಅರ್ಥ್ ತಂತಿಯ ಬೋಲ್ಟಿಗೂ ತುಕ್ಕು ಹತ್ತಿರುತ್ತದೆ, ಬಿಚ್ಚಿ ಶುಚಿ ಮಾಡಿ ಬಿಗಿ ಮಾಡಿದ ಮೇಲೆಯೇ ಲೈನ್ ಕೊಡಿ.